ಕಾಲ್ಚೆಂಡಿನ ಒಂದು ಹಂಗಾಮು

ಕನ್ನಡ ಪಂಡಿತನೊಬ್ಬ ಕಾಲ್ಚೆಂಡಾಟವನ್ನು ಕುರಿತು ಮಾತನಾಡಲು ಹೊರಟಿದ್ದಾನೆಂದರೆ ಕೇಳುವವರಿಗೆ ತುಸು ನಗೆ ಬಂದೀತು. ರೇಡಿಯೋದಲ್ಲಿ ಈ ಮಾತುಗಳನ್ನು ಕೇಳಿದವರು ನಕ್ಕಿದ್ದರೂ ನನಗೆ ತಿಳಿಯುವಂತಿರಲಿಲ್ಲ. ಈಗ ಅಚ್ಚಿನಲ್ಲಿ ಓದುತ್ತಿರುವ ನೀವು ನಕ್ಕರೂ ನನಗೆ ಕಾಣುವಂತಿಲ್ಲ. ಆ ಧೈರ್ಯದಿಂದಲೇ ಮುಂದುವರಿಯುತ್ತೇನೆ.

ನಾನು ಈ ಆಟವನ್ನು ಆಡಿದವನಲ್ಲ. ನನ್ನ ಬಾಲ್ಯದ ಆಟಗಳೆಂದರೆ ಚಿಣ್ಣಿಕೋಲು, ಬುಗುರಿ, ಹುತುತು. ಆದರೆ ಮಾನ್ವಿಯಲ್ಲಿ ನಾನು ಪಾಠ ಹೇಳುವ ಕೋಣೆಯ ಕಿಟಕಿ ಆಟದ ಬಯಲಿನ ಕಡೆಗೆ ತೆರೆದಿದೆ. ಇಪ್ಪತ್ತೈದು ವರ್ಷಗಳಿಂದ ಲಘು ಗುರುಗಳನ್ನು ಹಾಕಿಸುತ್ತ, ಸಂಧಿಗಳನ್ನು ಬಿಡಿಸುತ್ತ, ಒಂದು ಕಣ್ಣನ್ನು ಆ ಕಿಟಕಿಯ ಕಡೆಗೆ ಇಟ್ಟುಕೊಂಡೇ ಬಂದಿದ್ದೇನೆ. ಒಮ್ಮೆ ಚೆಂಡು ನೆಟ್ಟಗೆ ಒಳಗೆ ಬಂದು, ಕರಿಹಲಗೆಯ ಮೇಲಿದ್ದ ಭಾಮಿನಿ ಷಟ್ಪದಿಯ ಪ್ರಸ್ತಾರದಲ್ಲಿ ಮೂರನೆಯ ಪಾದವನ್ನು ಒರಸಿಹಾಕಿತು. ಬಯ್ಯಬೇಕೆಂದು ಹೊರಗೆ ಹೋದವನು ಆಟ ನೋಡುತ್ತ ನಿಂತುಬಿಟ್ಟೆ. ನನ್ನ ಕಾಲ್ಚೆಂಡಿನ ವಿದ್ಯಾಭ್ಯಾಸ ಆ ದಿನ ಆರಂಭವಾಯಿತೆನ್ನಬೇಕು.

ಕಾಲ್ಚೆಂಡು ಎಂಬ ಹೆಸರು ನನಗೆ ಮೆಚ್ಚಿಗೆಯಾದುದು. ಕಾಲು, ಚೆಂಡು ಎರಡೂ ಅಚ್ಚಗನ್ನಡ ಪದಗಳು; ಅರಿಸಮಾಸದ ದೋಷವಿಲ್ಲ. ಆದರೂ ನಮ್ಮ ಹುಡುಗರು ಅದನ್ನು ಫುಟ್‌ಬಾಲ್ ಎಂದೇ ಕರೆಯುತ್ತಾರೆ. ಮಾತಿನ ಭರದಲ್ಲಿ ನಾನೂ ಹಾಗೆಯೇ ಕರೆದರೆ ಮನ್ನಿಸಬೇಕು. ಈ ಆಟದವರ ವರ್ಷಕ್ಕೆ ಸೀಸನ್ ಎಂದು ಹೆಸರು. ಅದನ್ನು ಋತು ಎಂದರೆ ಕಾವ್ಯದ ವಾಸನೆ ಬರುತ್ತದೆ. ನಮ್ಮ ರೈತರ ಹಂಗಾಮು ಎಂಬ ಮಾತೇ ಸರಿಯೆಂದು ನನಗೆ ತೋರುತ್ತದೆ. ಅದು ಪಾರಸಿಯಿಂದ ಬಂದ ಪದವೆಂದು ನಿಘಂಟು ಹೇಳುತ್ತದೆ, ಬಂದಿರಲಿ. ನಮ್ಮ ಎರೆಹೊಲದಲ್ಲಿ ಅದು ಬೇರುಬಿಟ್ಟು ಎಷ್ಟೋ ತಲೆಮಾರುಗಳಾದವು.

ಈ ದಿನ ನಾನು ಹೇಳಬೇಕೆಂದಿರುವುದು ಅಂಥ ಒಂದು ಹಂಗಾಮಿನ ಕಥೆಯನ್ನು. ಬೆಂಗಳೂರಿನ ಒಂದು ವೃತ್ತಿಪರ ತಂಡ ೨೦೧೪–೧೫ರಲ್ಲಿ ಒಂದು ಕಪ್ಪನ್ನು ಗೆದ್ದಿತು, ಒಂದು ಲೀಗನ್ನು ಕಳೆದುಕೊಂಡಿತು. ಕಳೆದುಕೊಂಡ ದಿನ ಅದು ಸೋತಿರಲಿಲ್ಲ ಎಂಬುದೇ ಇದರಲ್ಲಿನ ಚೋದ್ಯ.

ಕಥೆಗೆ ಮುನ್ನ ಲೀಗೆಂದರೇನು, ಕಪ್ಪೆಂದರೇನು ಎಂಬುದನ್ನು ತಿಳಿದುಕೊಳ್ಳೋಣ. ಬಲ್ಲವರು ಈ ನಾಲ್ಕು ಸಾಲುಗಳನ್ನು ಬಿಟ್ಟು ಓದಬಹುದು. ಲೀಗಿನಲ್ಲಿ ಪ್ರತಿಯೊಂದು ತಂಡವೂ ಉಳಿದ ಪ್ರತಿಯೊಂದು ತಂಡದೊಡನೆ ಎರಡು ಸಲ ಆಡಬೇಕು. ಒಂದು ಸಲ ತನ್ನ ಊರಿನಲ್ಲಿ, ಒಂದು ಸಲ ಎದುರಾಳಿಯ ಊರಿನಲ್ಲಿ. ಗೆದ್ದರೆ ಮೂರು ಅಂಕ, ಸಮವಾದರೆ ಇಬ್ಬರಿಗೂ ಒಂದೊಂದು, ಸೋತರೆ ಸೊನ್ನೆ. ತಿಂಗಳುಗಟ್ಟಲೆ ಆಡಿ, ಅಂಕಗಳನ್ನೆಲ್ಲ ಕೂಡಿಸಿ, ಯಾರಿಗೆ ಹೆಚ್ಚು ಬಂದಿದೆಯೋ ಅವರನ್ನು ಚಾಂಪಿಯನ್ನರೆನ್ನುತ್ತಾರೆ. ಅಲ್ಲಿ ಫೈನಲ್ ಎಂಬುದೇ ಇಲ್ಲ. ಕಪ್ಪಿನ ರೀತಿ ಬೇರೆ. ಅದು ಜಾತ್ರೆಯ ಕುಸ್ತಿ. ಬೆನ್ನು ಮಣ್ಣಿಗೆ ತಾಕಿತೋ, ಅಂಗಿ ತೊಟ್ಟುಕೊಂಡು ಮನೆಯ ದಾರಿ ಹಿಡಿಯಬೇಕು. ನಿನ್ನೆಯವರೆಗೆ ನೀನು ಎಷ್ಟು ಜನರನ್ನು ಕೆಡವಿದ್ದೆ ಎಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಬೆಂಗಳೂರು ಈ ಆಟಕ್ಕೆ ಹೊಸ ಊರಲ್ಲ. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ೧೯೩೭ರಲ್ಲಿಯೂ ೧೯೩೮ರಲ್ಲಿಯೂ ಮುಂಬಯಿಗೆ ಹೋಗಿ ಗೋರಾ ಸೈನಿಕರ ಸೊತ್ತೆಂದೇ ತಿಳಿಯಲಾಗಿದ್ದ ರೋವರ್ಸ್ ಕಪ್ಪನ್ನು ಹೊತ್ತು ತಂದಿತು. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಮೇಲೆ ಭಾರತದ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು, ನಾಲ್ಕನೆಯದು ೧೯೬೮–೬೯ರಲ್ಲಿ. ಐದನೆಯ ಸಲ ಗೆಲ್ಲುವ ಹೊತ್ತಿಗೆ ರಾಜ್ಯದ ಹೆಸರೇ ಕರ್ನಾಟಕವೆಂದಾಗಿ, ೨೦೨೩ರ ಮಾರ್ಚ್ ತಿಂಗಳು ಬಂದಿತ್ತು. ನಡುವಿನ ಆ ದೀರ್ಘ ಕಾಲದಲ್ಲಿ ಕಾರ್ಖಾನೆಗಳ ತಂಡಗಳು ಆಟದ ದೀಪ ಆರದಂತೆ ನೋಡಿಕೊಂಡವು.

೨೦೧೩ರಲ್ಲಿ ಬೆಂಗಳೂರು ಎಫ್.ಸಿ. ಎಂಬ ವೃತ್ತಿಪರ ಕ್ಲಬ್ ಹುಟ್ಟಿತು. ಅದರ ಒಡೆಯರು ಜೆ.ಎಸ್.ಡಬ್ಲ್ಯು. ಸಮೂಹದವರು, ಎಂದರೆ ನಮ್ಮ ನೆರೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವವರು. ಮಾನ್ವಿಯಿಂದ ಸಿಂಧನೂರು, ಸಿರುಗುಪ್ಪಗಳ ಮೇಲೆ ಬಳ್ಳಾರಿಗೆ ಹೋಗಿ, ಅಲ್ಲಿಂದ ಹೊಸಪೇಟೆಯ ಹಾದಿ ಹಿಡಿದರೆ ತೋರಣಗಲ್ಲು ಸಿಗುತ್ತದೆ. ‘ಹಂಗಾರ ಅದು ನಮ್ಮ ಕಡೀ ಟೀಮೇ ಅಲ್ರೀ ಸರ’ ಎಂದು ನಮ್ಮ ಹುಡುಗರು ತೀರ್ಮಾನಿಸಿದ್ದು ಈ ಭೂಗೋಳದ ಆಧಾರದ ಮೇಲೆ. ನಾನು ತಿದ್ದಲು ಹೋಗಲಿಲ್ಲ. ಅಭಿಮಾನಕ್ಕೆ ಇಷ್ಟು ಆಧಾರ ಸಾಕು.

ಹುಟ್ಟಿದ ವರ್ಷವೇ ಆ ಕೂಸು ಎದ್ದು ಓಡಿತು. ಆಗ ದೇಶದ ಅತ್ಯುನ್ನತ ಲೀಗಾಗಿದ್ದ ಐ-ಲೀಗಿನಲ್ಲಿ ೨೦೧೩–೧೪ರ ಹಂಗಾಮಿಗೆ ೨೪ ಪಂದ್ಯಗಳಿಂದ ೪೭ ಅಂಕ ಗಳಿಸಿ ಬೆಂಗಳೂರು ಚಾಂಪಿಯನ್ ಆಯಿತು; ಎರಡನೆಯ ಸ್ಥಾನದಲ್ಲಿದ್ದ ಕಲ್ಕತ್ತೆಯ ಈಸ್ಟ್ ಬೆಂಗಾಲಿಗೆ ೪೩. ಆಷ್ಲಿ ವೆಸ್ಟ್‌ವುಡ್ ಎಂಬ ಇಂಗ್ಲೆಂಡಿನ ತರಬೇತುದಾರ, ನಾಯಕನಾಗಿ ಸುನಿಲ್ ಛೆಟ್ರಿ, ಉಳಿದವರಲ್ಲಿ ಹೆಚ್ಚಿನವರು ಬೇರೆ ಬೇರೆ ಊರುಗಳಿಂದ ಕೂಡಿಬಂದವರು. ಮೊದಲ ಬಿತ್ತನೆಗೇ ಕಣಜ ತುಂಬಿದವನಿಗೆ ಎರಡನೆಯ ವರ್ಷ ಕಠಿಣ. ನೆರೆಹೊರೆಯವರ ಕಣ್ಣೆಲ್ಲ ಅವನ ಹೊಲದ ಮೇಲೆಯೇ ಇರುತ್ತದೆ.

ಎರಡನೆಯ ಹಂಗಾಮಿನಲ್ಲಿ ಮೊದಲು ಬಂದದ್ದು ಕಪ್. ಫೆಡರೇಷನ್ ಕಪ್ಪಿನ ಪಂದ್ಯಗಳು ೨೦೧೪ರ ಡಿಸೆಂಬರ್ ಕೊನೆಗೆ ಗೋವೆಯಲ್ಲಿ ಆರಂಭವಾದವು. ಗುಂಪಿನ ಆಟಗಳು, ಸೆಮಿಫೈನಲ್, ಫೈನಲ್ ಎಲ್ಲವೂ ಎರಡು ವಾರಗಳಲ್ಲಿ ಮುಗಿದವು. ೨೦೧೫ರ ಜನವರಿ ೧೧ರಂದು ಮಡಗಾಂವಿನ ಫತೋರ್ಡಾ ಕ್ರೀಡಾಂಗಣದಲ್ಲಿ, ಗೋವೆಯ ಜನರ ಎದುರಿನಲ್ಲಿಯೇ, ಗೋವೆಯ ಡೆಂಪೊ ತಂಡವನ್ನು ೨–೧ರಿಂದ ಸೋಲಿಸಿ ಬೆಂಗಳೂರು ಕಪ್ಪನ್ನು ಗೆದ್ದಿತು.

ಈ ಡೆಂಪೊ ತಂಡದ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದು ಐದು ಸಲ ರಾಷ್ಟ್ರದ ಚಾಂಪಿಯನ್ ಆಗಿದ್ದ ತಂಡ. ಆ ಜನವರಿಯಲ್ಲಿ ಕಪ್ಪಿನ ಫೈನಲಿನವರೆಗೂ ನಡೆದು, ಒಂದೇ ಗೋಲಿನಿಂದ ತಪ್ಪಿಸಿಕೊಂಡಿತು. ಅದೇ ತಂಡ, ಅದೇ ಹಂಗಾಮಿನ ಲೀಗಿನಲ್ಲಿ ಹಿಂದೆ ಬಿದ್ದು, ಮೇ ತಿಂಗಳ ಹೊತ್ತಿಗೆ ಕೆಳಗಿನ ದರ್ಜೆಗೆ ಇಳಿಯಿತು. ಎರಡು ವಾರದ ಅಳತೆಗೋಲಿನಲ್ಲಿ ದೇಶಕ್ಕೆ ಎರಡನೆಯವರು. ಐದು ತಿಂಗಳ ಅಳತೆಗೋಲಿನಲ್ಲಿ ಮೇಲಿನ ದರ್ಜೆಗೇ ಸಲ್ಲದವರು. ಎರಡೂ ಅಳತೆ ಸುಳ್ಳಲ್ಲ. ಸೇರಿನಿಂದ ಅಳೆಯುವುದು ಬೇರೆ, ಗಜದಿಂದ ಅಳೆಯುವುದು ಬೇರೆ.

ಕಪ್ ಗೆದ್ದ ಒಂದು ವಾರದೊಳಗೆ ಲೀಗ್ ಆರಂಭವಾಯಿತು. ಹನ್ನೊಂದು ತಂಡಗಳು; ಆದುದರಿಂದ ಒಬ್ಬೊಬ್ಬರಿಗೆ ೨೦ ಪಂದ್ಯಗಳು. ಇವುಗಳ ನಡುವೆ ಏಷ್ಯಾ ಖಂಡದ ಎ.ಎಫ್.ಸಿ. ಕಪ್ಪಿನ ಪಂದ್ಯಗಳೂ ಸೇರಿಕೊಂಡವು. ಆ ಮೇ ತಿಂಗಳ ಕೊನೆಯಲ್ಲಿ ಹಾಂಗ್‌ಕಾಂಗಿನ ಸೌತ್ ಚೈನಾ ತಂಡ ಬೆಂಗಳೂರಿಗೇ ಬಂದು ಎರಡು ಗೋಲು ಹೊಡೆದು ನಮ್ಮವರನ್ನು ಆ ದಾರಿಯಿಂದ ಹೊರಹಾಕಿತು. ಒಂದೇ ಜೋಡಿ ಎತ್ತಿನಿಂದ ಎರಡು ಹೊಲ ಊಳುವ ರೈತನ ಪಾಡು ನಿಮಗೆ ಗೊತ್ತಷ್ಟೆ.

ಹತ್ತೊಂಬತ್ತು ಪಂದ್ಯಗಳು ಮುಗಿದಾಗ ಲೆಕ್ಕ ಹೀಗಿತ್ತು: ಕಲ್ಕತ್ತೆಯ ಮೋಹನ್ ಬಾಗಾನಿಗೆ ೩೮ ಅಂಕ, ಬೆಂಗಳೂರಿಗೆ ೩೬. ಇಪ್ಪತ್ತನೆಯದೂ ಕೊನೆಯದೂ ಆದ ಪಂದ್ಯ ಈ ಎರಡು ತಂಡಗಳಿಗೇ ಬಿದ್ದಿತ್ತು, ಅದೂ ಬೆಂಗಳೂರಿನಲ್ಲಿ, ಕಂಠೀರವ ಕ್ರೀಡಾಂಗಣದಲ್ಲಿ. (ಕಂಠೀರವನೆಂದರೆ ಸಿಂಹ, ಕಂಠದಲ್ಲಿ ರವವುಳ್ಳವನು. ಆ ದಿನ ಅಲ್ಲಿ ಸೇರಿದ್ದ ಜನ ಹೆಸರಿಗೆ ತಕ್ಕಂತೆ ಗರ್ಜಿಸಿದರೆಂದು ಹೇಳಬಹುದು.) ಬೆಂಗಳೂರು ಗೆದ್ದರೆ ೩೯, ಬಾಗಾನ್ ೩೮ರಲ್ಲಿಯೇ ನಿಲ್ಲುತ್ತದೆ. ಸಮವಾದರೆ ಬಾಗಾನಿಗೆ ೩೯, ಬೆಂಗಳೂರಿಗೆ ೩೭. ಎಂದರೆ ಲೀಗಿನಲ್ಲಿ ಫೈನಲ್ ಇಲ್ಲವೆಂದು ನಾನು ಮೇಲೆ ಹೇಳಿದ ಮಾತನ್ನು ಆ ವರ್ಷದ ದೈವ ಸುಳ್ಳು ಮಾಡಿತ್ತು.

ಮೋಹನ್ ಬಾಗಾನ್ ಸಾಮಾನ್ಯ ಎದುರಾಳಿಯಲ್ಲ. ೧೮೮೯ರಲ್ಲಿ ಹುಟ್ಟಿದ ಕ್ಲಬ್ ಅದು. ೧೯೧೧ರಲ್ಲಿ ಬರಿಗಾಲಿನ ಹುಡುಗರನ್ನು ಕಟ್ಟಿಕೊಂಡು ಬೂಟು ತೊಟ್ಟ ಬ್ರಿಟಿಷ್ ಪಲ್ಟನ್ನನ್ನು ಐ.ಎಫ್.ಎ. ಷೀಲ್ಡ್ ಫೈನಲಿನಲ್ಲಿ ಸೋಲಿಸಿದ ಮನೆತನ. ಆದರೆ ರಾಷ್ಟ್ರೀಯ ಲೀಗ್ ಗೆದ್ದು ಅದಕ್ಕೂ ಹದಿಮೂರು ವರ್ಷಗಳಾಗಿದ್ದವು. ಹಸಿದವರು ಇಬ್ಬರೂ ಒಂದೇ ಪಂಕ್ತಿಗೆ ಕುಳಿತಿದ್ದರು.

೨೦೧೫ರ ಮೇ ೩೧, ಆದಿತ್ಯವಾರ. ಬೇಸಿಗೆಯ ರಜೆ ಮುಗಿಯುತ್ತ ಬಂದಿತ್ತು. ಕಾರಹುಣ್ಣಿಮೆಗೆ ಇನ್ನೆರಡು ದಿನ. ನಮ್ಮ ಮನೆಯ ಟೀವಿಯ ಮುಂದೆ ಒಂಬತ್ತು ಹುಡುಗರು ಸೇರಿದ್ದರು. ಅವರಲ್ಲಿ ಒಬ್ಬನ ಮಾತು ಮುಂದೆಯೂ ಬರುತ್ತದೆ. ಒಂಬತ್ತನೆಯ ತರಗತಿ ದಾಟಿ ಹತ್ತಕ್ಕೆ ಬಂದಿದ್ದ. ನಮ್ಮ ಶಾಲೆಯ ತಂಡದ ಗೋಲ್‌ಕೀಪರ್. ಎಡದಂಡೆ ಕಾಲುವೆಯ ಕೊನೆಯ ಭಾಗದ ಒಂದು ಹಳ್ಳಿಯವನು. ಸೈಕಲ್ ತುಳಿದುಕೊಂಡು ಬಂದಿದ್ದ. ಹೆಸರು ಹೇಳುವುದಿಲ್ಲ; ಅವನಿಗೆ ನಾಚಿಕೆಯಾದೀತು.

ಮಧ್ಯಂತರಕ್ಕೆ ಕೆಲವೇ ನಿಮಿಷಗಳ ಮುನ್ನ ಜಾನ್ ಜಾನ್ಸನ್ ಎಂಬ ರಕ್ಷಣೆಯ ಆಟಗಾರ ಬೆಂಗಳೂರಿಗೆ ಗೋಲು ಗಳಿಸಿಕೊಟ್ಟ. ನಮ್ಮ ಮನೆಯ ಹಂಚು ಹಾರಲಿಲ್ಲವೆಂಬುದೊಂದೇ ಪುಣ್ಯ. ಬೆಂಗಳೂರಿನಲ್ಲಿ ಮಳೆ ಬಂದಿತು. ಹಸುರು ಬಯಲಿನಲ್ಲಿ ನೀರು ಚಿಮ್ಮುವುದು ಕಾಣುತ್ತಿತ್ತು. ದ್ವಿತೀಯಾರ್ಧ ನಡೆದಂತೆ ನಮ್ಮಲ್ಲಿಯೂ ಗಾಳಿ ಎದ್ದಿತು. ಆಟ ಮುಗಿಯಲು ಇನ್ನು ಹತ್ತು ನಿಮಿಷಗಳಿದ್ದಿರಬೇಕು. ಬೆಂಗಳೂರು ೧, ಮೋಹನ್ ಬಾಗಾನ್ ೦. ಅಷ್ಟರಲ್ಲಿ ಕರೆಂಟು ಹೋಯಿತು.

ಅರ್ಧ ತಾಸು ಕಾದೆವು. ಬರಲಿಲ್ಲ. ನನ್ನ ಹತ್ತಿರ ಆಗ ಇದ್ದದ್ದು ಬರಿಯ ಮಾತನಾಡುವ ಫೋನು. ಯಾರನ್ನು ಕರೆದರೂ ಸಿಗಲಿಲ್ಲ. ಹುಡುಗರು ತಾವೇ ಪಂದ್ಯವನ್ನು ಮುಗಿಸಿದರು. ಹತ್ತು ನಿಮಿಷ ಹಿಡಿದುಕೊಳ್ಳಲಾರದವರು ಚಾಂಪಿಯನ್ನರೇ, ಎಂದು ಒಬ್ಬ ಕೇಳಿದ, ಉಳಿದವರು ಒಪ್ಪಿದರು. ನನ್ನ ಹೆಂಡತಿ ಲಾಂದ್ರದ ಬೆಳಕಿನಲ್ಲಿ ಎಲ್ಲರ ಕೈಗೂ ಒಂದು ಹಿಡಿ ಶೇಂಗಾ, ಒಂದು ತುಂಡು ಬೆಲ್ಲ ಕೊಟ್ಟಳು. ‘ಗೆದ್ದೀವ್ರೀ’ ಎಂದು ಕೂಗುತ್ತ ಕತ್ತಲೆಯಲ್ಲಿ ಹೋದರು. ಆ ಗೋಲ್‌ಕೀಪರ್ ಹುಡುಗನ ಸೈಕಲ್ಲಿನ ಗಂಟೆ ಬಹಳ ದೂರದವರೆಗೂ ಕೇಳಿಸುತ್ತಿತ್ತು.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಪತ್ರಿಕೆ ಬಿಡಿಸಿ ನೋಡಿದೆ. ೮೭ನೆಯ ನಿಮಿಷದಲ್ಲಿ ಬಾಗಾನಿಗೆ ಒಂದು ಕಾರ್ನರ್ ಕಿಕ್ ದೊರೆತಿತ್ತು. ಹೈಟಿ ದೇಶದ ಸೋನಿ ನಾರ್ಡೆ ಒದ್ದ ಚೆಂಡಿಗೆ ನೈಜೀರಿಯದ ಬೆಲ್ಲೊ ರಜಾಕ್ ಎಂಬ ರಕ್ಷಣೆಯ ಆಟಗಾರ ತಲೆ ಕೊಟ್ಟಿದ್ದ. ೧–೧. ಅಲ್ಲಿಗೆ ಮುಗಿಯಿತು. ಮೋಹನ್ ಬಾಗಾನ್ ೩೯, ಬೆಂಗಳೂರು ೩೭. ಐದು ತಿಂಗಳು ದುಡಿದ ದುಡಿಮೆ ಮೂರು ನಿಮಿಷಗಳಿಗೆ ಕಡಿಮೆಬಿದ್ದಿತ್ತು.

ಆ ಹುಡುಗ ಮಧ್ಯಾಹ್ನ ಮನೆಗೆ ಬಂದ. ಆಗಲೇ ತಿಳಿದಿತ್ತು. ಅತ್ತಿದ್ದನೆಂಬುದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಜಗುಲಿಯ ಮೇಲೆ ಕುಳಿತು ಕೇಳಿದ: ‘ಸರ, ನಮ್ಮೋರು ಸೋತೇ ಇಲ್ಲಲ್ರೀ. ಒಂದು-ಒಂದು. ಮತ್ತ ಸೋತಂಗ ಹ್ಯಾಂಗಾತ್ರಿ?’

ವಿದ್ಯಾರ್ಥಿಗಳು ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಇಷ್ಟು ಒಳ್ಳೆಯದು ವ್ಯಾಕರಣದ ತರಗತಿಯಲ್ಲಿ ಬಂದುದಿಲ್ಲ. ಸೋಲು, ಗೆಲುವು ಎಂಬ ಎರಡು ಪದಗಳನ್ನು ಕೂಡಿಸಿ ದ್ವಂದ್ವಸಮಾಸ ಮಾಡುತ್ತೇವೆ. ಅವೆರಡರ ನಡುವೆ ನಿಲ್ಲುವ ಸ್ಥಿತಿಗೆ ನಮ್ಮಲ್ಲಿ ಗಟ್ಟಿಯಾದ ಒಂದು ನಾಮಪದವಿಲ್ಲ. ಪತ್ರಿಕೆಯವರು ಸಮಬಲ ಎನ್ನುತ್ತಾರೆ. ಕುಸ್ತಿಯ ಕಣದವರು ಸಮವಾಯಿತೆಂದು ಹೇಳಿ ಇಬ್ಬರ ಕೈಯನ್ನೂ ಮೇಲೆತ್ತಿಸುತ್ತಾರೆ. ಆದರೆ ಲೀಗಿನಲ್ಲಿ ಒಂದು ಸಮದ ಬೆಲೆ ಅದು ಎಲ್ಲಿ ಬಿದ್ದಿತೆಂಬುದರ ಮೇಲೆ ನಿಲ್ಲುತ್ತದೆ. ಬಾಗಾನಿಗೆ ಅದು ಗೆಲುವಿನಷ್ಟು, ಬೆಂಗಳೂರಿಗೆ ಸೋಲಿನಷ್ಟು. ನಾನು ಅವನಿಗೆ ಅವನ ಅಪ್ಪನ ಹೊಲದ ಮಾತನ್ನು ಹೇಳಿದೆ. ಎರಡನೆಯ ಬೆಳೆಯ ಭತ್ತಕ್ಕೆ ಎಲ್ಲ ನೀರೂ ಸರಿಯಾಗಿ ಬಂದು, ಹಾಲುಗಾಳಿನ ಹೊತ್ತಿಗೆ ಕಾಲುವೆಯ ಕೊನೆಯವರೆಗೆ ನೀರು ಮುಟ್ಟದಿದ್ದರೆ ಏನಾಗುತ್ತದೆ? ಪೈರು ಸತ್ತಿರುವುದಿಲ್ಲ, ನಿಂತಿರುತ್ತದೆ, ಹಸುರಾಗಿಯೂ ಇರುತ್ತದೆ. ತೂರಿದರೆ ಜೊಳ್ಳು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಮುಂದಿನ ವರ್ಷ ಮತ್ತ ನಾಟಿ ಮಾಡ್ತಾರಲ್ರೀ’ ಎಂದ. ಮಾಡುತ್ತಾರೆ, ಎಂದೆ.

ಹೀಗೆ ಕತ್ತಲೆಯಲ್ಲಿ ಗೆದ್ದು ಬೆಳಕಿನಲ್ಲಿ ಕಳೆದುಕೊಂಡವರು ನಾವೇ ಮೊದಲಿಗರೆಂದು ನಾನು ತಿಳಿದಿದ್ದೆ. ಹಾಗಲ್ಲವೆಂಬುದು ಮುಂದೆ ಓದಿ ತಿಳಿಯಿತು. ಜರ್ಮನಿಯಲ್ಲಿ ಗೆಲ್ಸನ್‌ಕಿರ್ಖನ್ ಎಂಬ ಊರಿದೆ. ಕಲ್ಲಿದ್ದಲ ಗಣಿಗಳ ಸುತ್ತ ಬೆಳೆದ ಊರು. ನಮ್ಮ ಜಿಲ್ಲೆಯ ಹಟ್ಟಿಯ ಜನರಿಗೆ ಅಂಥ ಊರಿನ ಸ್ವಭಾವವನ್ನು ವಿವರಿಸಬೇಕಾಗಿಲ್ಲ. ಅಲ್ಲಿಯ ಷಾಲ್ಕೆ ಎಂಬ ಕ್ಲಬ್ ೧೯೦೪ರಲ್ಲಿ ಹುಟ್ಟಿತು. ಗಣಿಯ ಕೂಲಿಗಳ ತಂಡವೆಂದೇ ಅದರ ಹೆಸರು. ಅದು ಜರ್ಮನಿಯ ಚಾಂಪಿಯನ್ ಆದದ್ದು ಕೊನೆಯ ಸಲ ೧೯೫೮ರಲ್ಲಿ.

೨೦೦೧ರ ಮೇ ೧೯ರಂದು ಅಲ್ಲಿಯ ಲೀಗಿನ ಮೂವತ್ತನಾಲ್ಕನೆಯ, ಕೊನೆಯ ಪಂದ್ಯ. ಮ್ಯೂನಿಕ್ಕಿನ ಬಯರ್ನ್ ತಂಡಕ್ಕೆ ೬೨ ಅಂಕ, ಷಾಲ್ಕೆಗೆ ೫೯. ಷಾಲ್ಕೆ ತನ್ನ ಊರಿನಲ್ಲಿ ೫–೩ರಿಂದ ಗೆದ್ದು ೬೨ಕ್ಕೆ ಏರಿತು. ಅಂಕ ಸಮವಾದರೆ ಗೋಲುಗಳ ಲೆಕ್ಕದಲ್ಲಿ ಷಾಲ್ಕೆಯೇ ಮುಂದು. ದೂರದ ಹ್ಯಾಂಬರ್ಗಿನಲ್ಲಿ ಬಯರ್ನ್ ೯೦ನೆಯ ನಿಮಿಷದಲ್ಲಿ ಒಂದು ಗೋಲು ಬಿಟ್ಟುಕೊಟ್ಟು ಸೋಲುತ್ತಿತ್ತು. ಅಲ್ಲಿ ಆಟ ಮುಗಿಯಿತೆಂಬ ಸುದ್ದಿ ಹೇಗೋ ಗೆಲ್ಸನ್‌ಕಿರ್ಖನ್ನಿಗೆ ಬಂದುಬಿಟ್ಟಿತು. ಜನ ಬಯಲಿಗೆ ನುಗ್ಗಿದರು, ಅತ್ತರು, ಅಪ್ಪಿಕೊಂಡರು. ನಲವತ್ತಮೂರು ವರ್ಷಗಳ ಕಾಯುವಿಕೆ ಮುಗಿದಿತ್ತು. ಆದರೆ ಹ್ಯಾಂಬರ್ಗಿನಲ್ಲಿ ಆಟ ಮುಗಿದಿರಲಿಲ್ಲ. ನಿಲುಗಡೆಯ ವೇಳೆಗಾಗಿ ಸೇರಿಸಿದ ಕೊನೆಯ ಕ್ಷಣಗಳಲ್ಲಿ ಬಯರ್ನಿಗೆ ಒಂದು ಫ್ರೀ ಕಿಕ್ ಸಿಕ್ಕಿತು. ಸ್ವೀಡನ್ನಿನ ಪ್ಯಾಟ್ರಿಕ್ ಆಂಡರ್ಸನ್ ಅದನ್ನು ಗೋಲಿಗೆ ಕಳುಹಿಸಿದ. ೧–೧. ಬಯರ್ನಿಗೆ ೬೩. ಷಾಲ್ಕೆಯವರು ನಾಲ್ಕು ನಿಮಿಷಗಳ ಕಾಲ ಚಾಂಪಿಯನ್ನರಾಗಿದ್ದರು. ಅವರ ಬಯಲಿನ ಪರದೆಯ ಮೇಲೆ ಆ ಗೋಲು ಕಂಡಿತಂತೆ. ನಮಗಾದರೋ ಒಂದು ರಾತ್ರಿ ಪೂರ್ತಿ ದೊರೆತಿತ್ತು.

ಮುಂದಿನದನ್ನೂ ಕೇಳಿ. ಒಂದೇ ವಾರದ ಮೇಲೆ, ಮೇ ೨೬ರಂದು, ಅದೇ ಷಾಲ್ಕೆ ಬರ್ಲಿನ್ನಿನಲ್ಲಿ ಯೂನಿಯನ್ ಬರ್ಲಿನ್ ತಂಡವನ್ನು ೨–೦ರಿಂದ ಸೋಲಿಸಿ ಜರ್ಮನಿಯ ಕಪ್ಪನ್ನು ಗೆದ್ದಿತು. ಬೆಂಗಳೂರು ಮೊದಲು ಕಪ್ ಗೆದ್ದು ಆಮೇಲೆ ಲೀಗ್ ಕಳೆದುಕೊಂಡರೆ, ಷಾಲ್ಕೆ ಮೊದಲು ಲೀಗ್ ಕಳೆದುಕೊಂಡು ಆಮೇಲೆ ಕಪ್ ಗೆದ್ದಿತು. ಇವೆರಡರಲ್ಲಿ ಯಾವುದು ಮೇಲೆಂದು ನನ್ನನ್ನು ಕೇಳಬೇಡಿ. ಊಟದ ಮೊದಲು ಹೋಳಿಗೆಯೋ ಕೊನೆಗೆ ಹೋಳಿಗೆಯೋ ಎಂಬ ಚರ್ಚೆಯಂತೆ ಅದು. ಆದರೆ ಷಾಲ್ಕೆಯ ಜನ ಕಪ್ ಗೆದ್ದ ವಾರಕ್ಕಿಂತ ಆ ನಾಲ್ಕು ನಿಮಿಷಗಳನ್ನೇ ಹೆಚ್ಚಾಗಿ ನೆನೆಯುತ್ತಾರೆಂಬುದು ವಿಚಾರ ಮಾಡತಕ್ಕ ಸಂಗತಿ.

ನಮ್ಮ ಬೆಂಗಳೂರಿನವರು ಮರುವರ್ಷ ಮತ್ತೆ ನಾಟಿ ಮಾಡಿದರು. ೨೦೧೬ರ ಏಪ್ರಿಲ್ ೧೭ರಂದು ಅದೇ ಕಂಠೀರವದಲ್ಲಿ ಗೋವೆಯ ಸಾಲ್‌ಗಾಂವ್ಕರ್ ತಂಡವನ್ನು ೨–೦ರಿಂದ ಸೋಲಿಸಿ, ಇನ್ನೂ ಒಂದು ಪಂದ್ಯ ಉಳಿದಿರುವಂತೆಯೇ ಲೀಗನ್ನು ಗೆದ್ದರು. ಕೊನೆಗೆ ಬೆಂಗಳೂರಿಗೆ ೩೨ ಅಂಕ, ಮೋಹನ್ ಬಾಗಾನಿಗೆ ೩೦. ಅದೇ ಎರಡು ಅಂಕಗಳ ಅಂತರ, ತಿರುಗುಮುರುಗಾಗಿ. ಆ ವರ್ಷ ಫೆಡರೇಷನ್ ಕಪ್ಪನ್ನು ಬಾಗಾನ್ ಒಯ್ದಿತು. ೨೦೧೭ರಲ್ಲಿ ಕಟಕದಲ್ಲಿ ನಡೆದ ಕಪ್ಪಿನ ಫೈನಲಿನಲ್ಲಿ ಮತ್ತೆ ಈ ಇಬ್ಬರೇ ಎದುರಾದರು. ಹೆಚ್ಚುವರಿ ವೇಳೆಯಲ್ಲಿ ಸಿ.ಕೆ. ವಿನೀತ್ ಹೊಡೆದ ಎರಡು ಗೋಲುಗಳಿಂದ ಬೆಂಗಳೂರು ಗೆದ್ದಿತು. ಫೆಡರೇಷನ್ ಕಪ್ ಆ ವರ್ಷಕ್ಕೆ ಮುಗಿಯಿತು. ಮರುವರ್ಷದಿಂದ ಸೂಪರ್ ಕಪ್ ಅದರ ಸ್ಥಾನಕ್ಕೆ ಬಂದಿತು.

ಅನಂತರ ಬೆಂಗಳೂರು ಇಂಡಿಯನ್ ಸೂಪರ್ ಲೀಗಿಗೆ ಹೋಯಿತು. ಅಲ್ಲಿ ಲೀಗನ್ನೂ ಕಪ್ಪನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ್ದರು. ತಿಂಗಳುಗಟ್ಟಲೆ ಅಂಕ ಕೂಡಿಸಿ, ಮೇಲಿನ ತಂಡಗಳನ್ನು ಆರಿಸಿ, ಅವುಗಳನ್ನು ಮತ್ತೆ ಕುಸ್ತಿಗೆ ಬಿಟ್ಟು, ಫೈನಲ್ ಗೆದ್ದವರನ್ನು ಚಾಂಪಿಯನ್ನರೆಂದು ಕರೆದರು. ನನಗೆ ಇದು ಅಷ್ಟಾಗಿ ಹಿಡಿಸಿದ ಏರ್ಪಾಟಲ್ಲ. ವರ್ಷದ ದುಡಿಮೆಯನ್ನು ಒಂದು ಸಂಜೆಯ ಕೈಗೆ ಕೊಡುವುದು ಸರಿಯೇ ಎಂಬ ಸಂದೇಹ ಬರುತ್ತದೆ. ಆದರೆ ೨೦೧೯ರ ಮಾರ್ಚ್ ೧೭ರಂದು ಆ ಸಂದೇಹವನ್ನು ನಾನು ಕೊಂಚ ಹೊತ್ತು ಬದಿಗಿಟ್ಟಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಮುಂಬಯಿಯಲ್ಲಿ ಫೈನಲ್; ಎದುರಾಳಿ ಗೋವಾ. ನೂರಿಪ್ಪತ್ತು ನಿಮಿಷಗಳ ಆಟದಲ್ಲಿ ೧೧೭ನೆಯ ನಿಮಿಷ; ಒಂದು ಕಾರ್ನರ್ ಕಿಕ್; ರಕ್ಷಣೆಯ ಆಟಗಾರ ರಾಹುಲ್ ಭೇಕೆ ಚೆಂಡಿಗೆ ತಲೆ ಕೊಟ್ಟ. ಬೆಂಗಳೂರು ೧–೦. ಅದೇ ಕಾರ್ನರ್, ಅದೇ ತಲೆಯ ಹೊಡೆತ, ಅದೇ ಮೂರು ನಿಮಿಷ. ನಾಲ್ಕು ವರ್ಷಗಳ ಹಿಂದೆ ಕೊಟ್ಟದ್ದನ್ನು ಬಡ್ಡಿ ಸಮೇತ ಹಿಂದಕ್ಕೆ ಪಡೆದಂತಾಯಿತು.

ಇದೆಲ್ಲ ದೊಡ್ಡ ಊರಿನ ಮಾತಾಯಿತು. ಆ ಹುಡುಗನ ಕಡೆಗೆ ಬರುತ್ತೇನೆ.

೨೦೧೫ರ ಮಳೆಗಾಲದಲ್ಲಿ ಅವನು ಹತ್ತನೆಯ ತರಗತಿ. ನಮ್ಮ ಬಯಲಿಗೆ ಗೋಲುಕಂಬಗಳಿಲ್ಲ. ಎರಡು ಕಲ್ಲು ಇಟ್ಟು ಆಡುವುದು. ಅಂಚಿನ ಉದ್ದಕ್ಕೂ ಬಳ್ಳಾರಿ ಜಾಲಿ. ಚೆಂಡು ಅದರೊಳಗೆ ಹೋಯಿತೆಂದರೆ ಗಾಳಿ ಬಿಟ್ಟು ಹೊರಬರುತ್ತದೆ. ನಮ್ಮ ಚೆಂಡಿಗೆ ಸೈಕಲ್ಲಿನ ಟ್ಯೂಬಿಗಿಂತ ಹೆಚ್ಚು ತೇಪೆಗಳಿದ್ದವು. ಮಳೆಯಾದರೆ ಎರೆಮಣ್ಣು ಕಾಲಿಗೆ ಸೇರುಗಟ್ಟಲೆ ಹತ್ತುತ್ತದೆ. ಇಂಥದರಲ್ಲಿ ಆ ಹುಡುಗರು ಮೂರು ತಿಂಗಳು ಬೆಳಿಗ್ಗೆ ಸಂಜೆ ಆಡಿ ಸಿದ್ಧರಾದರು. ಜಿಲ್ಲೆಯ ಕೂಟಕ್ಕೆಂದು ಬಸ್ಸು ಹತ್ತಿಸಿಕೊಂಡು ಹೋದೆವು. ಮೊದಲನೆಯ ಪಂದ್ಯ ೦–೦. ನಮ್ಮ ಹುಡುಗ ಚೆಂಡನ್ನು ಒಂದು ಸಲವೂ ಒಳಗೆ ಬಿಡಲಿಲ್ಲ. ಆದರೆ ಅದು ಕಪ್ಪಿನ ರೀತಿಯ ಕೂಟ, ಅಂದೇ ತೀರ್ಮಾನವಾಗಬೇಕು. ಪೆನಾಲ್ಟಿ ಹೊಡೆಸಿದರು. ಅವರದು ಮೂರು ಹೋದವು, ನಮ್ಮದು ಎರಡು.

ಹನ್ನೊಂದು ಗಂಟೆಗೆ ಆಡಲಿಳಿದವರು ಹನ್ನೆರಡೂವರೆಗೆ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದೆವು. ಎರಡು ಗಂಟೆಯ ಬಸ್ಸಿಗೆ ಮಾನ್ವಿ. ಮೂರು ತಿಂಗಳಿಗೆ ಒಂದೂವರೆ ತಾಸು. ಹುಡುಗ ಬಸ್ಸಿನ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದ. ರಾಜಲಬಂಡಿಯ ಕಡೆಯ ಗದ್ದೆಗಳು ಹಸುರಾಗಿದ್ದವು. ‘ಈ ಸರ್ತೀನೂ ಸೋತಿಲ್ರೀ ಸರ’ ಎಂದ. ಮೇ ತಿಂಗಳಲ್ಲಿ ನನಗೆ ಭತ್ತದ ಉತ್ತರ ದೊರೆತಿತ್ತು. ಈಗ ಯಾವ ಉತ್ತರವೂ ದೊರೆಯಲಿಲ್ಲ. ಏಕೆಂದರೆ ಮುಂದಿನ ವರ್ಷ ಅವನು ಹೈಸ್ಕೂಲಿನಲ್ಲಿಯೇ ಇರುವುದಿಲ್ಲ. ಮತ್ತೆ ನಾಟಿ ಮಾಡುತ್ತಾರೆಂದು ನಾನು ಹೇಳಿದ್ದು ಬೆಂಗಳೂರಿನವರ ವಿಷಯದಲ್ಲಿ ನಿಜವಾಯಿತು. ನನ್ನೆದುರು ಕುಳಿತವನಿಗೆ ಸುಳ್ಳಾಯಿತು.

ಆಗ ಹೊಳೆದದ್ದು ಇದು. ನಮ್ಮ ಸಣ್ಣ ಊರುಗಳ ಹುಡುಗರಿಗೆ ನಾವು ಕೊಡುವುದೆಲ್ಲ ಕಪ್ಪೇ. ಆಟದಲ್ಲಿ ಹಾಗೆ, ಪರೀಕ್ಷೆಯಲ್ಲಿಯೂ ಬಹುಮಟ್ಟಿಗೆ ಹಾಗೆ. ಸೋತವನಿಗೆ ಮುಂದಿನ ಆದಿತ್ಯವಾರ ಇನ್ನೊಂದು ಪಂದ್ಯವಿದೆಯೆನ್ನುವುದು ಲೀಗ್ ಒಂದೇ. ಅದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ನಾಲ್ಕು ತಂಡ, ಒಂದು ಚೆಂಡು, ಒಂದು ಕ್ಯಾಲೆಂಡರ್ ಸಾಕು. ಇಷ್ಟು ಸುಲಭವಾದುದು ಇಪ್ಪತ್ತು ವರ್ಷ ಕಿಟಕಿಯಿಂದ ನೋಡುತ್ತಿದ್ದವನಿಗೆ ಏಕೆ ಹೊಳೆಯಲಿಲ್ಲವೆಂದು ನನ್ನನ್ನು ಕೇಳಬಹುದು. ಕೇಳಿ. ನನಗೂ ಅದಕ್ಕೆ ಉತ್ತರವಿಲ್ಲ.

ಆ ಚಳಿಗಾಲದಲ್ಲಿಯೇ ಮಾಡಬಹುದಾಗಿತ್ತು. ಪರೀಕ್ಷೆ ಹತ್ತಿರ ಬಂತೆಂದು ಮುಂದೂಡಿದೆವು. ಏಪ್ರಿಲ್ ತಿಂಗಳಲ್ಲಿ ಬೆಂಗಳೂರು ಲೀಗ್ ಗೆದ್ದ ಸುದ್ದಿಯನ್ನು ಆ ಹುಡುಗನೇ ನನಗೆ ಬಂದು ಹೇಳಿದ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಸಿದ್ದ. ನಮ್ಮ ಯೋಚನೆಯನ್ನು ಹೇಳಿದೆ. ‘ಹೋದ ವರ್ಷನ ಮಾಡಬೇಕಿತ್ತಲ್ರೀ ಸರ’ ಎಂದನೇ ಹೊರತು ಇನ್ನೇನೂ ಹೇಳಲಿಲ್ಲ.

೨೦೧೬ರ ಆಗಸ್ಟಿನಲ್ಲಿ ಸುತ್ತಮುತ್ತಲಿನ ನಾಲ್ಕು ಶಾಲೆಗಳ ಹುಡುಗರು ಒಪ್ಪಿದರು. ಒಬ್ಬೊಬ್ಬರು ಉಳಿದವರೊಡನೆ ಎರಡೆರಡು ಸಲ. ಒಟ್ಟು ಹನ್ನೆರಡು ಪಂದ್ಯಗಳು, ಆರು ಆದಿತ್ಯವಾರಗಳು. ಜಾಲಿಯ ಅಂಚನ್ನು ಹತ್ತು ಮಾರು ಹಿಂದಕ್ಕೆ ಕಡಿಸಿದೆವು. ಕಲ್ಲುಗಳ ಬದಲು ಬಿದಿರು ನೆಟ್ಟೆವು. ನಮ್ಮ ತರಗತಿಯ ಹಳೆಯ ಕರಿಹಲಗೆಯನ್ನು, ಷಟ್ಪದಿಯ ಪಾದವನ್ನು ಕಳೆದುಕೊಂಡ ಅದೇ ಹಲಗೆಯನ್ನು, ಹೊರಗೆ ತಂದು ಬೇವಿನ ಮರಕ್ಕೆ ಒರಗಿಸಿ ನಿಲ್ಲಿಸಿದೆವು.

ಮೊದಲ ಆದಿತ್ಯವಾರ ಆ ಹುಡುಗ ಸಿಂಧನೂರಿನ ಕಾಲೇಜಿನಿಂದ ಬಂದ. ಆಡುವ ವಯಸ್ಸಿನ ಪಟ್ಟಿಯಲ್ಲಿ ಅವನಿರಲಿಲ್ಲ. ಸುಣ್ಣದ ಡಬ್ಬಿ ಹಿಡಿದು ಗೆರೆಗಳನ್ನು ಎಳೆದ; ಸೀಟಿ ಕೊರಳಿಗೆ ಹಾಕಿಕೊಂಡು ಪಂದ್ಯ ನಡೆಸಿದ. ಮಳೆಯ ಹನಿ ಆಗಾಗ ಬೀಳುತ್ತಿತ್ತು; ಚೆಂಡು ಎರೆಮಣ್ಣಿನಲ್ಲಿ ನಿಂತುನಿಂತು ಹೋಗುತ್ತಿತ್ತು. ಯಾರಿಗೂ ಗೋಲು ಸಿಗಲಿಲ್ಲ. ಆಟ ಮುಗಿದಾಗ ಎರಡೂ ಕಡೆಯ ಹುಡುಗರು ಕೆಸರಿನಲ್ಲಿ ನಿಂತು, ಇನ್ನು ಪೆನಾಲ್ಟಿ ಹೊಡೆಸುತ್ತಾರೇನೋ ಎಂದು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಕೈ ಒರಸಿಕೊಂಡು ಮರದ ಕೆಳಗೆ ಬಂದ. ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಎರಡೂ ಹೆಸರುಗಳ ಮುಂದೆ ಒಂದೊಂದು ಅಂಕ ಬರೆದ.